ಮಿತಿಮೀರಿದ ಸೆಕೆಯಲ್ಲಿ ಜೀವ ಕಾಪಾಡಿಕೊಳ್ಳುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಬಿಸಿಲು ಬೇರೆ, ಸೆಕೆ ಬೇರೆ. ಒಣಹವೆಯ ಉರಿಬಿಸಿಲಿನಿಂದ ನೆರಳಿಗೆ ಸರಿದರೆ ಮೈ ಸ್ವಲ್ಪವಾದರೂ ತಣಿಯುತ್ತದೆ. ಗಾಳಿಯಲ್ಲಿ ನೀರಾವಿ ತುಂಬಿಕೊಂಡಿರುವ ಸೆಕೆಯಲ್ಲಿ ಹಾಗಲ್ಲ. ನೆರಳಿಗೆ ಬಂದರೂ, ಸೂರ್ಯ ಮುಳುಗಿದರೂ ಬೆವರು ಹರಿಯುತ್ತಲೇ ಇರುತ್ತದೆ, ಬಟ್ಟೆ ಮೈಗೆ ಅಂಟುತ್ತದೆ, ತಂಪು ಮಾತ್ರ ಸಿಗುವುದಿಲ್ಲ. ಉಷ್ಣಾಂಶದ ಅಂಕಿ ಅಷ್ಟೇನೂ ದೊಡ್ಡದಾಗಿಲ್ಲದ ದಿನಗಳಲ್ಲಿಯೂ ಜನ ಸೆಕೆಗೆ ಬಲಿಯಾಗುವುದು ಈ ಕಾರಣದಿಂದಲೇ. ಆದ್ದರಿಂದ ಏನು ಮಾಡಬೇಕು ಎಂಬುದಕ್ಕೆ ಮೊದಲು, ಸೆಕೆಯಲ್ಲಿ ದೇಹದೊಳಗೆ ಏನಾಗುತ್ತದೆ ಎಂಬುದನ್ನು ತಿಳಿಯುವುದು ಅಗತ್ಯ. ಅದು ಮನಸ್ಸಿಗೆ ಹತ್ತಿದರೆ ಮುಂದಿನ ಹೆಜ್ಜೆಗಳನ್ನು ಬಾಯಿಪಾಠ ಮಾಡಬೇಕಾದ ಅಗತ್ಯವೇ ಬೀಳುವುದಿಲ್ಲ.

ಬೆವರು ಸುರಿದರೆ ಸಾಲದು, ಆರಬೇಕು

ನಮ್ಮ ದೇಹದ ಒಳಗಿನ ಉಷ್ಣಾಂಶ ಸುಮಾರು 37 ಡಿಗ್ರಿ ಸೆಲ್ಸಿಯಸ್. ಚರ್ಮದ ಉಷ್ಣಾಂಶ ಬೇಸಗೆಯಲ್ಲಿ ಸುಮಾರು 35 ಡಿಗ್ರಿ. ಸುಮ್ಮನೆ ಕುಳಿತಿರುವಾಗಲೂ ದೇಹ ಸುಮಾರು 100 ವ್ಯಾಟ್‌ನಷ್ಟು ಶಾಖವನ್ನು ಹುಟ್ಟಿಸುತ್ತಿರುತ್ತದೆ, ಮೈಮುರಿದು ದುಡಿಯುವಾಗ ಅದು ಹಲವು ಪಟ್ಟು ಹೆಚ್ಚುತ್ತದೆ. ಈ ಶಾಖವನ್ನು ಹೊರಹಾಕಲು ಹೃದಯವು ಚರ್ಮದ ಕಡೆಗೆ ಹೆಚ್ಚು ರಕ್ತವನ್ನು ದೂಡುತ್ತದೆ. ಸುತ್ತಲಿನ ಗಾಳಿ ಚರ್ಮಕ್ಕಿಂತ ತಣ್ಣಗಿದ್ದರೆ ಶಾಖ ತಾನಾಗಿಯೇ ಹೊರಹೋಗುತ್ತದೆ. ಗಾಳಿಯೇ 35 ಡಿಗ್ರಿಯನ್ನು ದಾಟಿದಾಗ ಶಾಖ ಹೊರಗಿನಿಂದ ಒಳಕ್ಕೆ ಬರತೊಡಗುತ್ತದೆ, ಆಗ ಉಳಿಯುವ ದಾರಿ ಬೆವರೊಂದೇ.

ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿಯಾಗಿ ಆವಿಯಾದರೆ ದೇಹದಿಂದ ಸುಮಾರು 580 ಕಿಲೋಕ್ಯಾಲರಿ ಶಾಖ ಹೊರಟುಹೋಗುತ್ತದೆ. ಆದರೆ ಈ ಲೆಕ್ಕ ಆವಿಯಾದ ಬೆವರಿಗೆ ಮಾತ್ರ ಸಲ್ಲುತ್ತದೆ. ಹಣೆಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ದೇಹದ ನೀರನ್ನೂ ಉಪ್ಪನ್ನೂ ಕೊಂಡೊಯ್ಯುತ್ತದೆಯೇ ಹೊರತು ಶಾಖವನ್ನಲ್ಲ. ಗಾಳಿಯಲ್ಲಿ ಆಗಲೇ ನೀರಾವಿ ತುಂಬಿದ್ದರೆ ಬೆವರು ಆರಲು ಜಾಗವಿಲ್ಲ. ದೇಹ ಇನ್ನಷ್ಟು ಬೆವರುತ್ತದೆ, ಹೃದಯ ಇನ್ನಷ್ಟು ಜೋರಾಗಿ ಬಡಿಯುತ್ತದೆ, ರಕ್ತದಲ್ಲಿನ ನೀರು ಇಳಿಯುತ್ತದೆ, ಫಲ ಮಾತ್ರ ಸೊನ್ನೆ. ಸೆಕೆಯ ಅಲೆಯಲ್ಲಿ ಸಾಯುವವರಲ್ಲಿ ಬಹಳ ಮಂದಿ ಹೃದಯದ ತೊಂದರೆಯಿಂದ ಸಾಯುವುದಕ್ಕೆ ಈ ವ್ಯರ್ಥ ಹೋರಾಟವೇ ಕಾರಣ.

ಈ ಮಿತಿಯನ್ನು ಅಳೆಯಲು ವೆಟ್ ಬಲ್ಬ್ ಉಷ್ಣಾಂಶ ಎಂಬ ಅಳತೆಯಿದೆ. ಉಷ್ಣಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡಿಸಿದಾಗ ಅದು ತೋರಿಸುವ ಅಂಕಿಯೇ ಇದು. ಬೆವರಿದ ಮೈ ಎಷ್ಟರಮಟ್ಟಿಗೆ ತಣಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಹೋಲಿಕೆ ಇಲ್ಲ. ಇದು 35 ಡಿಗ್ರಿ ಮುಟ್ಟಿದ ಸ್ಥಿತಿಯಲ್ಲಿ ಆರೋಗ್ಯವಂತ ಮನುಷ್ಯನೂ ಕೆಲವು ಗಂಟೆಗಳಿಗಿಂತ ಹೆಚ್ಚು ತಡೆದುಕೊಳ್ಳಲಾರ ಎಂದು ಸ್ಟೀವನ್ ಶೆರ್‌ವುಡ್ ಮತ್ತು ಮ್ಯಾಥ್ಯೂ ಹ್ಯೂಬರ್ 2010ರಲ್ಲಿ ಸೈದ್ಧಾಂತಿಕವಾಗಿ ಲೆಕ್ಕ ಹಾಕಿದರು. 2022ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಆರೋಗ್ಯವಂತ ಯುವಜನರನ್ನು ನೇರವಾಗಿ ಪರೀಕ್ಷಿಸಿದಾಗ, ತೇವ ತುಂಬಿದ ವಾತಾವರಣದಲ್ಲಿ ವೆಟ್ ಬಲ್ಬ್ ಉಷ್ಣಾಂಶ ಸುಮಾರು 31 ಡಿಗ್ರಿಯ ಆಸುಪಾಸಿನಲ್ಲಿರುವಾಗಲೇ ಅವರ ದೇಹದ ಉಷ್ಣಾಂಶ ಹತೋಟಿ ತಪ್ಪಿ ಏರತೊಡಗಿತು. ಯುವಕರ ಮಿತಿಯೇ ಇಷ್ಟು ಕೆಳಗಿರುವಾಗ ವೃದ್ಧರ ಮಿತಿ ಇನ್ನೂ ಕೆಳಗಿರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಹೆಜ್ಜೆ: ಮುನ್ಸೂಚನೆಯಲ್ಲಿ ಸರಿಯಾದ ಅಂಕಿಯನ್ನು ನೋಡಿ

ಹವಾಮಾನ ವರದಿಯಲ್ಲಿ ಗರಿಷ್ಠ ಉಷ್ಣಾಂಶವೊಂದನ್ನೇ ನೋಡಿ ಮುಂದೆ ಹೋಗಬೇಡಿ. ಅದರ ಜೊತೆಗೆ ಶೇಕಡಾವಾರು ತೇವಾಂಶವನ್ನೂ, ಕೊಟ್ಟಿದ್ದರೆ ಶಾಖ ಸೂಚ್ಯಂಕ ಅಥವಾ ‘ಮೈಗೆ ಅನಿಸುವ ಉಷ್ಣಾಂಶ’ವನ್ನೂ ನೋಡಿ. ಉಷ್ಣಾಂಶ 32 ಡಿಗ್ರಿ, ತೇವಾಂಶ ಶೇ. 40 ಇದ್ದರೆ ಮೈಗೆ ಸುಮಾರು 33 ಡಿಗ್ರಿಯಂತೆ ಅನಿಸುತ್ತದೆ. ಅದೇ 32 ಡಿಗ್ರಿಯಲ್ಲಿ ತೇವಾಂಶ ಶೇ. 70ಕ್ಕೆ ಏರಿದರೆ ಸುಮಾರು 41 ಡಿಗ್ರಿಯಂತೆ ಅನಿಸುತ್ತದೆ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ಕೋಷ್ಟಕದಲ್ಲಿ ಈ ಸೂಚ್ಯಂಕವು ಸುಮಾರು 39 ಡಿಗ್ರಿ ದಾಟಿದರೆ ‘ಅಪಾಯ’ ಎಂದೂ, ಸುಮಾರು 52 ಡಿಗ್ರಿ ಮುಟ್ಟಿದರೆ ‘ತೀವ್ರ ಅಪಾಯ’ ಎಂದೂ ಗುರುತಿಸಲಾಗಿದೆ. ಈ ಅಂಕಿಗಳನ್ನು ನೆರಳಿನಲ್ಲಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಲಾಗಿದೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ನೇರ ಬಿಸಿಲಿನಲ್ಲಿ ನಿಂತವರಿಗೆ ಇದು ಇನ್ನೂ 8 ಡಿಗ್ರಿಯವರೆಗೆ ಹೆಚ್ಚಬಹುದು.

ರಾತ್ರಿಯ ಕನಿಷ್ಠ ಉಷ್ಣಾಂಶವನ್ನು ನೋಡುವ ಅಭ್ಯಾಸವನ್ನೂ ಬೆಳೆಸಿಕೊಳ್ಳಿ. ನನ್ನ ಅಭಿಪ್ರಾಯದಲ್ಲಿ ಇದು ಹಗಲಿನ ಅಂಕಿಯಷ್ಟೇ ಮುಖ್ಯ. ಹಗಲೆಲ್ಲ ಶ್ರಮಿಸಿದ ಹೃದಯಕ್ಕೆ ರಾತ್ರಿಯಾದರೂ ಬಿಡುವು ಬೇಕು. ತೇವ ತುಂಬಿದ ಗಾಳಿ ಶಾಖವನ್ನು ಬೇಗ ಬಿಟ್ಟುಕೊಡದ ಕಾರಣ ಸೆಕೆಯ ದಿನಗಳಲ್ಲಿ ಆ ಬಿಡುವು ಸಿಗುವುದಿಲ್ಲ, ಎರಡನೆಯ ಮತ್ತು ಮೂರನೆಯ ದಿನಗಳು ಮೊದಲ ದಿನಕ್ಕಿಂತ ಹೆಚ್ಚು ಅಪಾಯಕಾರಿಯಾಗುತ್ತವೆ. 1995ರ ಜುಲೈನಲ್ಲಿ ಷಿಕಾಗೊ ನಗರದಲ್ಲಿ ಕೆಲವೇ ದಿನಗಳ ಸೆಕೆಗೆ 700ಕ್ಕೂ ಹೆಚ್ಚು ಮಂದಿ ಸತ್ತಾಗ, ತಣಿಯದ ರಾತ್ರಿಗಳೂ ಅದಕ್ಕೆ ದೊಡ್ಡ ಕಾರಣವಾಗಿದ್ದವು.

ಎರಡನೆಯ ಹೆಜ್ಜೆ: ಯಾರಿಗೆ ಹೆಚ್ಚು ಅಪಾಯ ಎಂಬುದನ್ನು ಮೊದಲೇ ಗುರುತಿಸಿ

ಮನೆಯಲ್ಲಿ ಮತ್ತು ಅಕ್ಕಪಕ್ಕದಲ್ಲಿ ಇರುವವರ ಪೈಕಿ ಯಾರ ದೇಹ ಶಾಖವನ್ನು ಸರಿಯಾಗಿ ನಿಭಾಯಿಸಲಾರದು ಎಂಬುದನ್ನು ಸೆಕೆ ಏರುವ ಮೊದಲೇ ಯೋಚಿಸಿಡಬೇಕು. ವಯಸ್ಸಾದವರಲ್ಲಿ ಬೆವರುವ ಶಕ್ತಿಯೂ ಬಾಯಾರಿಕೆಯ ಅರಿವೂ ಕುಗ್ಗಿರುತ್ತವೆ. ‘ನನಗೇನೂ ಸೆಕೆ ಆಗುತ್ತಿಲ್ಲ’ ಎಂಬ ಅವರ ಮಾತು ನಿಜವಾಗಿದ್ದರೂ ದೇಹ ಒಳಗೆ ಕಾಯುತ್ತಿರಬಹುದು. ಶಿಶುಗಳು ತಮ್ಮ ತೊಂದರೆಯನ್ನು ಹೇಳಲಾರವು. ಗರ್ಭಿಣಿಯರು, ಹೃದಯ, ಮೂತ್ರಪಿಂಡ ಮತ್ತು ಶ್ವಾಸಕೋಶದ ಕಾಯಿಲೆಯವರು, ಮಧುಮೇಹಿಗಳು, ಮಾನಸಿಕ ಅಸ್ವಸ್ಥತೆ ಇರುವವರು, ಹಾಸಿಗೆ ಹಿಡಿದವರು, ಹೊರಗೆ ದುಡಿಯುವವರು, ಮೇಲ್ಮಹಡಿಯಲ್ಲಿ ಒಬ್ಬಂಟಿಯಾಗಿ ವಾಸಿಸುವವರು ಇವರೆಲ್ಲರೂ ಈ ಪಟ್ಟಿಗೆ ಸೇರುತ್ತಾರೆ.

ಔಷಧಿಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದು ಹೆಚ್ಚಿನವರ ಗಮನಕ್ಕೆ ಬರುವುದೇ ಇಲ್ಲ. ಮೂತ್ರ ಹೆಚ್ಚಿಸುವ ಮಾತ್ರೆಗಳು ದೇಹದ ನೀರನ್ನು ಕಡಿಮೆ ಮಾಡುತ್ತವೆ. ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್‌ಗಳು ಹೃದಯ ಬೇಕಾದಷ್ಟು ವೇಗವಾಗಿ ಬಡಿಯದಂತೆ ತಡೆಯುತ್ತವೆ. ಕೆಲವು ಮಾನಸಿಕ ಕಾಯಿಲೆಯ ಔಷಧಿಗಳು ಮತ್ತು ತೂಕಡಿಕೆ ಬರಿಸುವ ಹಳೆಯ ಬಗೆಯ ಅಲರ್ಜಿ ಮಾತ್ರೆಗಳು ಬೆವರುವುದನ್ನೇ ಕುಗ್ಗಿಸುತ್ತವೆ. ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಎಂಬ ಔಷಧಿ ಸೇವಿಸುವವರ ದೇಹದಲ್ಲಿ ನೀರು ಕಡಿಮೆಯಾದರೆ ಆ ಔಷಧಿಯೇ ರಕ್ತದಲ್ಲಿ ಹೆಚ್ಚಿ ವಿಷವಾಗಬಹುದು. ಹೀಗೆಂದು ಯಾವ ಮಾತ್ರೆಯನ್ನೂ ಸ್ವಂತ ತೀರ್ಮಾನದಿಂದ ನಿಲ್ಲಿಸಬಾರದು. ಬೇಸಗೆ ಬರುವ ಮೊದಲೇ ವೈದ್ಯರನ್ನು ಕಂಡು, ಸೆಕೆಯ ದಿನಗಳಲ್ಲಿ ಪ್ರಮಾಣವನ್ನು ಬದಲಿಸಬೇಕೇ, ಎಷ್ಟು ನೀರು ಕುಡಿಯಬಹುದು ಎಂದು ಕೇಳಿ ಬರೆದಿಟ್ಟುಕೊಳ್ಳಿ.

2021ರ ಬೇಸಗೆಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ಶಾಖದಿಂದ 619 ಮಂದಿ ಸತ್ತರು; ಅವರಲ್ಲಿ ಶೇ. 98ರಷ್ಟು ಮಂದಿ ಪ್ರಾಣಕ್ಕೆರವಾಗುವಷ್ಟು ಶಾಖಕ್ಕೆ ಸಿಲುಕಿದ್ದು ಕಟ್ಟಡದ ಒಳಗೆ. ಅವರಲ್ಲಿ ಬಹಳಷ್ಟು ಮಂದಿ ವಯಸ್ಸಾದವರು, ಒಬ್ಬಂಟಿಯಾಗಿದ್ದವರು. ಆದ್ದರಿಂದ ಒಂಟಿಯಾಗಿರುವ ಹಿರಿಯರನ್ನು ದಿನಕ್ಕೆ ಎರಡು ಸಲವಾದರೂ ಕಂಡು ಮಾತನಾಡಿಸಲು ಒಬ್ಬರನ್ನು ಗೊತ್ತುಮಾಡಿ. ಫೋನಿನಲ್ಲಿ ‘ಚೆನ್ನಾಗಿದ್ದೇನೆ’ ಎಂದರೆ ಅಷ್ಟಕ್ಕೇ ಬಿಡದೆ ಮನೆಯೊಳಗೆ ಹೋಗಿ ಕೋಣೆ ಎಷ್ಟು ಬಿಸಿಯಾಗಿದೆ ಎಂದು ನೋಡುವುದು ಅಗತ್ಯ.

ಮೂರನೆಯ ಹೆಜ್ಜೆ: ಮನೆಯೊಳಗಿನ ಶಾಖವನ್ನೂ ತೇವವನ್ನೂ ತಗ್ಗಿಸಿ

ಕೋಣೆಯಲ್ಲಿ ಉಷ್ಣಾಂಶ ಮತ್ತು ತೇವಾಂಶ ಎರಡನ್ನೂ ತೋರಿಸುವ ಸಣ್ಣ ಮಾಪಕವೊಂದನ್ನು ಇಡಿ. ಮನೆಯೊಳಗಿನ ಉಷ್ಣಾಂಶವನ್ನು ಹಗಲಿನಲ್ಲಿ 32 ಡಿಗ್ರಿಗಿಂತ, ರಾತ್ರಿಯಲ್ಲಿ 24 ಡಿಗ್ರಿಗಿಂತ ಕೆಳಗಿಡಲು ಪ್ರಯತ್ನಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಲ್ಲ ಮನೆಗಳಲ್ಲೂ ಇದು ಸಾಧ್ಯವಾಗಲಿಕ್ಕಿಲ್ಲ, ಆದರೆ ಗುರಿ ಯಾವ ಕಡೆಗಿರಬೇಕು ಎಂಬುದಾದರೂ ತಿಳಿಯುತ್ತದೆ.

ಹೊರಗಿನ ಗಾಳಿ ಒಳಗಿನದಕ್ಕಿಂತ ಬಿಸಿಯಾಗಿರುವಷ್ಟು ಹೊತ್ತು ಬಿಸಿಲು ಬೀಳುವ ಕಡೆಯ ಕಿಟಕಿಗಳನ್ನು ಮುಚ್ಚಿ, ಹೊರಗೆ ತಣಿದ ಮೇಲೆ ಎದುರುಬದುರಿನ ಕಿಟಕಿಗಳನ್ನು ತೆರೆದು ಗಾಳಿ ಹಾಯುವಂತೆ ಮಾಡಿ. ಗಾಜಿನ ಒಳಗಡೆ ಪರದೆ ಕಟ್ಟುವುದಕ್ಕಿಂತ ಹೊರಗಡೆಯೇ ಚಾಪೆಯನ್ನೋ ದಪ್ಪ ಬಟ್ಟೆಯನ್ನೋ ಇಳಿಬಿಡುವುದು ಹೆಚ್ಚು ಪರಿಣಾಮಕಾರಿ, ಏಕೆಂದರೆ ಗಾಜನ್ನು ದಾಟಿ ಒಳಬಂದ ಬಿಸಿಲು ಒಳಗೇ ಉಳಿದುಬಿಡುತ್ತದೆ. ಬಹಳ ಹೊತ್ತು ಬೇಯುವ ಅಡುಗೆಯನ್ನು ನಸುಕಿಗೆ ಮುಗಿಸಿ. ಒದ್ದೆ ಬಟ್ಟೆಗಳನ್ನು ಮಲಗುವ ಕೋಣೆಯಲ್ಲಿ ಒಣಹಾಕಬೇಡಿ. ಆ ನೀರೆಲ್ಲ ನೀವು ಉಸಿರಾಡುವ ಗಾಳಿಗೇ ಸೇರುತ್ತದೆ.

ಇಲ್ಲಿ ಒಂದು ಸಾಮಾನ್ಯ ತಪ್ಪನ್ನು ಒತ್ತಿ ಹೇಳಬೇಕು. ನೀರು ತುಂಬಿಸಿ ಬಳಸುವ ಏರ್ ಕೂಲರ್ ಒಣಹವೆಗೆ ಹೇಳಿ ಮಾಡಿಸಿದ ಸಾಧನ. ಅದು ನೀರನ್ನು ಆವಿಯಾಗಿಸಿ ಗಾಳಿಯನ್ನು ತಣಿಸುತ್ತದೆ. ಆಗಲೇ ತೇವ ತುಂಬಿದ ಗಾಳಿಯಲ್ಲಿ, ಅದರಲ್ಲೂ ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದನ್ನು ಓಡಿಸಿದರೆ ತೇವಾಂಶ ಇನ್ನಷ್ಟು ಹೆಚ್ಚಿ ಬೆವರು ಆರುವುದೇ ನಿಂತುಹೋಗುತ್ತದೆ. ಎ.ಸಿ. ಇರುವವರು ಅದನ್ನು 26 ಅಥವಾ 27 ಡಿಗ್ರಿಗೆ ಇಟ್ಟು ಜೊತೆಗೆ ಫ್ಯಾನು ಹಾಕಿಕೊಂಡರೆ ಸಾಕು. ಎ.ಸಿ. ಗಾಳಿಯಲ್ಲಿನ ತೇವವನ್ನೂ ಹಿಂಡಿ ಹೊರಹಾಕುತ್ತದೆ, ಸೆಕೆಯಲ್ಲಿ ಅದರ ನಿಜವಾದ ಉಪಕಾರ ಇದೇ.

ಫ್ಯಾನು ಗಾಳಿಯನ್ನು ತಣಿಸುವುದಿಲ್ಲ, ಬೆವರನ್ನು ಆರಿಸುತ್ತದೆ. ಮೈಗೆ ಅಂಟಿಕೊಂಡ ತೇವದ ಗಾಳಿಯನ್ನು ಸರಿಸಿ ಹೊಸ ಗಾಳಿಯನ್ನು ತರುವುದರಿಂದ ಸೆಕೆಯಲ್ಲಿ ಅದು ಬಹಳ ಉಪಯುಕ್ತ. ಆದರೆ ಕೋಣೆಯ ಉಷ್ಣಾಂಶ 40 ಡಿಗ್ರಿ ದಾಟಿದರೆ ಫ್ಯಾನು ಬಿಸಿಗಾಳಿಯನ್ನು ಮೈಗೆ ಊದುವ ತಿದಿಯಾಗುತ್ತದೆ. ಕಡಿಮೆ ಬೆವರುವ ವೃದ್ಧರಿಗೆ ಈ ಮಿತಿ ಇನ್ನೂ ಒಂದೆರಡು ಡಿಗ್ರಿ ಕೆಳಗೇ ಇರುತ್ತದೆ. ಆಗ ಮೈಗೆ ನೀರು ಚಿಮುಕಿಸಿಕೊಳ್ಳುವುದು, ಒದ್ದೆ ಬನಿಯನ್ನು ತೊಡುವುದು, ಮೊಣಕೈವರೆಗೆ ಕೈಗಳನ್ನು ಅಥವಾ ಕಣಕಾಲಿನವರೆಗೆ ಪಾದಗಳನ್ನು ತಣ್ಣೀರಿನಲ್ಲಿ ಮುಳುಗಿಸಿ ಕುಳಿತುಕೊಳ್ಳುವುದು ನೆರವಾಗುತ್ತದೆ. ಕೈ ಮುಳುಗಿಸುವ ಉಪಾಯವನ್ನು ನಾನು ವಿಶೇಷವಾಗಿ ಶಿಫಾರಸು ಮಾಡುತ್ತೇನೆ. ಅಂಗೈ ಮತ್ತು ಮುಂಗೈಗಳಲ್ಲಿ ರಕ್ತ ಚರ್ಮಕ್ಕೆ ತೀರ ಹತ್ತಿರ ಹರಿಯುವುದರಿಂದ ಶಾಖವು ನೇರವಾಗಿ ನೀರಿಗೆ ಇಳಿಯುತ್ತದೆ, ಬೆವರು ಆರಬೇಕಾದ ಹಂಗೇ ಇಲ್ಲ. ಅಗ್ನಿಶಾಮಕ ಸಿಬ್ಬಂದಿಯೂ ಈ ವಿಧಾನವನ್ನು ಬಳಸುತ್ತಾರೆ. ಕರೆಂಟು ಹೋಗುವ ಸಂಭವವಿದ್ದರೆ ಬಕೆಟ್ಟುಗಳಲ್ಲಿ ಮೊದಲೇ ನೀರು ಹಿಡಿದಿಟ್ಟುಕೊಳ್ಳಿ.

ಏನು ಮಾಡಿದರೂ ಮನೆ ತಣಿಯದಿದ್ದರೆ, ದಿನದಲ್ಲಿ 2ರಿಂದ 3 ಗಂಟೆಗಳನ್ನು ಬೇರೆ ಯಾವುದಾದರೂ ತಂಪಾದ ಕಟ್ಟಡದಲ್ಲಿ ಕಳೆಯಿರಿ. ದೇಹಕ್ಕೆ ಸಿಗುವ ಅಷ್ಟು ಬಿಡುವೇ ದೊಡ್ಡ ರಕ್ಷಣೆ.

ನಾಲ್ಕನೆಯ ಹೆಜ್ಜೆ: ನೀರು ಮತ್ತು ಉಪ್ಪಿನ ಲೆಕ್ಕ

ಬಾಯಾರಿಕೆಗೆ ಕಾಯದೆ ಆಗಾಗ ಕುಡಿಯಿರಿ. ಬಿಸಿಯಲ್ಲಿ ದುಡಿಯುವವರು 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಸುಮಾರು 240 ಮಿಲಿಲೀಟರ್ ನೀರು ಕುಡಿಯಬೇಕು ಎಂಬುದು ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯ ಸಲಹೆ. ಅದೇ ಸಂಸ್ಥೆ ಗಂಟೆಗೆ ಸುಮಾರು 1.4 ಲೀಟರಿಗಿಂತ ಹೆಚ್ಚು ಕುಡಿಯಬಾರದು ಎಂದೂ ಎಚ್ಚರಿಸುತ್ತದೆ. ಬೆವರಿನಲ್ಲಿ ಉಪ್ಪು ಹೋಗುತ್ತಿರುವಾಗ ಬರಿಯ ನೀರನ್ನೇ ವಿಪರೀತವಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ವಾಂತಿ, ಗೊಂದಲ, ಫಿಟ್ಸ್ ಬರಬಹುದು. ಊಟ ಸರಿಯಾಗಿ ಮಾಡುತ್ತಿರುವವರಿಗೆ ಊಟದಲ್ಲಿನ ಉಪ್ಪೇ ಸಾಮಾನ್ಯವಾಗಿ ಸಾಕು. ಗಂಟೆಗಟ್ಟಲೆ ಬೆವರುವವರು, ಊಟ ಸೇರದವರು, ವಾಂತಿ ಭೇದಿ ಆಗುತ್ತಿರುವವರು ಓ.ಆರ್.ಎಸ್. ಕುಡಿಯುವುದು ಒಳ್ಳೆಯದು. ಪ್ಯಾಕೆಟ್ಟು ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮತಟ್ಟು ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪನ್ನು ಅಳೆದು ಬೆರೆಸಿ; ಉಪ್ಪನ್ನು ಕಣ್ಣಂದಾಜಿನಲ್ಲಿ ಹಾಕಬೇಡಿ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದಾಗಿ ನೀರಿಗೆ ಮಿತಿ ಹೇಳಿಸಿಕೊಂಡವರು ವೈದ್ಯರ ಮಾತನ್ನೇ ಪಾಲಿಸಬೇಕು.

ಮೂತ್ರದ ಬಣ್ಣ ತಿಳಿಹಳದಿಯಾಗಿದ್ದರೆ ನೀರು ಸಾಕಾಗಿದೆ ಎಂದರ್ಥ, ಗಾಢವಾಗಿದ್ದರೆ ಸಾಲದು. ಆರು ತಿಂಗಳು ತುಂಬದ ಶಿಶುಗಳಿಗೆ ನೀರು ಕುಡಿಸದೆ, ಹಾಲನ್ನೇ ಹೆಚ್ಚು ಸಲ ಕೊಡಬೇಕು. ಮದ್ಯಪಾನ ಬೇಡ.

ಐದನೆಯ ಹೆಜ್ಜೆ: ಹೊರಗಿನ ಕೆಲಸವನ್ನು ದೇಹದ ವೇಗಕ್ಕೆ ಹೊಂದಿಸಿ

ದೇಹ ಸೆಕೆಗೆ ಒಗ್ಗಿಕೊಳ್ಳಲು 7ರಿಂದ 14 ದಿನ ಬೇಕು. ಈ ಅವಧಿಯಲ್ಲಿ ಬೆವರು ಬೇಗ ಬರತೊಡಗುತ್ತದೆ, ಬೆವರಿನಲ್ಲಿನ ಉಪ್ಪು ಕಡಿಮೆಯಾಗುತ್ತದೆ, ರಕ್ತದ ಪ್ರಮಾಣ ಹೆಚ್ಚುತ್ತದೆ. ಹೊರಗೆ ದುಡಿಯುವಾಗ ಶಾಖದಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೆಲಸಕ್ಕೆ ಸೇರಿದ ಮೊದಲ ಕೆಲವೇ ದಿನಗಳಲ್ಲಿ ಸಾಯುತ್ತಾರೆ ಎಂಬುದು ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆಯ ಅನುಭವ. ಕೆಲಸ ಮಾಡಿಸುವವರು ಇದನ್ನು ಮನಸ್ಸಿಗೆ ತೆಗೆದುಕೊಳ್ಳಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಹೊಸಬರಿಗೆ ಮೊದಲ ದಿನ ಪೂರ್ಣ ಕೆಲಸದ ಶೇ. 20ರಷ್ಟನ್ನು ಮಾತ್ರ ಕೊಟ್ಟು, ದಿನಕ್ಕೆ ಶೇ. 20ಕ್ಕಿಂತ ಹೆಚ್ಚಾಗದಂತೆ ಏರಿಸುತ್ತ ಹೋಗಬೇಕು. ಅನುಭವಿಗಳಾದರೂ ರಜೆ ಮುಗಿಸಿ ಬಂದವರು ಅಥವಾ ಹಠಾತ್ತಾಗಿ ಏರಿದ ಸೆಕೆಗೆ ಸಿಲುಕಿದವರು ಮೊದಲ ದಿನ ಅರ್ಧ ಕೆಲಸದಿಂದ ಆರಂಭಿಸುವುದು ಕ್ಷೇಮ.

ಶ್ರಮದ ಕೆಲಸವನ್ನು ಬೆಳಗಿನ ಜಾವಕ್ಕೆ ಸರಿಸಿ. ಒಬ್ಬೊಬ್ಬರೇ ದುಡಿಯದೆ ಜೋಡಿಯಾಗಿ ದುಡಿಯಿರಿ, ಏಕೆಂದರೆ ಶಾಖ ತಲೆಗೇರಿದವನಿಗೆ ತನ್ನ ಬುದ್ಧಿ ಮಂಕಾಗುತ್ತಿರುವುದು ತಿಳಿಯುವುದೇ ಇಲ್ಲ. ಸಡಿಲವಾದ, ತೆಳುವಾದ, ತಿಳಿಬಣ್ಣದ ಬಟ್ಟೆ ತೊಡಿ. ಪೂರ್ತಿ ತೊಯ್ದು ಮೈಗೆ ಅಂಟಿದ ದಪ್ಪ ಬಟ್ಟೆಯನ್ನು ಬದಲಿಸಿ. ಟೋಪಿಗೆ ಗಾಳಿಯಾಡುವ ರಂಧ್ರಗಳಿರಲಿ.

ನಿಲ್ಲಿಸಿದ ಕಾರಿನೊಳಗೆ ಮಗುವನ್ನಾಗಲಿ ಸಾಕುಪ್ರಾಣಿಯನ್ನಾಗಲಿ ಒಂದು ಕ್ಷಣವೂ ಬಿಡಬಾರದು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಉಷ್ಣಾಂಶ ಸುಮಾರು 11 ಡಿಗ್ರಿ ಏರುತ್ತದೆ, ಕಿಟಕಿಯನ್ನು ಸ್ವಲ್ಪ ಇಳಿಸಿಟ್ಟರೂ ಹೆಚ್ಚೇನೂ ವ್ಯತ್ಯಾಸವಾಗುವುದಿಲ್ಲ. ಮಕ್ಕಳ ದೇಹ ದೊಡ್ಡವರಿಗಿಂತ 3ರಿಂದ 5 ಪಟ್ಟು ಬೇಗ ಕಾಯುತ್ತದೆ.

ಆರನೆಯ ಹೆಜ್ಜೆ: ಲಕ್ಷಣಗಳನ್ನು ಗುರುತಿಸಿ, ತಡಮಾಡದೆ ತಣಿಸಿ

ಬೆವರುಸಾಲೆ, ಕೈಕಾಲು ಹಾಗೂ ಹೊಟ್ಟೆಯ ಸ್ನಾಯುಗಳ ಸೆಳೆತ, ನಿಂತಲ್ಲೇ ಬವಳಿ ಬರುವುದು ಇವು ಆರಂಭದ ಎಚ್ಚರಿಕೆಗಳು. ಅನಂತರದ್ದು ಶಾಖದ ಬಳಲಿಕೆ. ವಿಪರೀತ ಬೆವರು, ತಲೆನೋವು, ವಾಕರಿಕೆ, ತಲೆಸುತ್ತು, ವೇಗವಾದ ನಾಡಿ, ತಣ್ಣಗೆ ಪಿಚಪಿಚ ಎನ್ನುವ ಚರ್ಮ ಇದರ ಗುರುತುಗಳು. ಆದರೆ ಪ್ರಜ್ಞೆ ತಿಳಿಯಾಗಿರುತ್ತದೆ. ಅಂಥವರನ್ನು ತಂಪಾದ ಜಾಗಕ್ಕೆ ಕರೆದೊಯ್ದು ಮಲಗಿಸಿ, ಕಾಲನ್ನು ತುಸು ಎತ್ತರಿಸಿ, ಬಟ್ಟೆ ಸಡಿಲಿಸಿ, ಮೈ ಒದ್ದೆ ಮಾಡಿ ಗಾಳಿ ಹಾಕಿ, ಗುಟುಕು ಗುಟುಕಾಗಿ ನೀರು ಅಥವಾ ಓ.ಆರ್.ಎಸ್. ಕೊಡಿ. 30 ನಿಮಿಷದಲ್ಲಿ ಚೇತರಿಕೆ ಕಾಣದಿದ್ದರೆ ತುರ್ತು ವೈದ್ಯಕೀಯ ನೆರವು ಬೇಕು.

ಎಲ್ಲಕ್ಕಿಂತ ಅಪಾಯಕಾರಿಯಾದ ಶಾಖಾಘಾತದ (ಹೀಟ್ ಸ್ಟ್ರೋಕ್) ಗುರುತು ಮೆದುಳಿನಲ್ಲಿದೆ. ಇದನ್ನು ಬಿಸಿಲಾಘಾತ ಎಂದು ಕರೆಯುವ ರೂಢಿಯೂ ಇದೆ, ಆದರೆ ಬಿಸಿಲು ಸೋಕದ ಕೋಣೆಯಲ್ಲಿಯೂ ಇದು ಬರುವುದರಿಂದ ಆ ಹೆಸರು ದಾರಿತಪ್ಪಿಸುತ್ತದೆ. ಮಾತು ತೊದಲುವುದು, ಅಸಂಬದ್ಧವಾಗಿ ಮಾತನಾಡುವುದು, ಸಿಡುಕು, ತೂರಾಡುವ ನಡಿಗೆ, ಫಿಟ್ಸ್, ಪ್ರಜ್ಞೆ ತಪ್ಪುವುದು ಇವುಗಳಲ್ಲಿ ಯಾವುದೇ ಒಂದು ಕಂಡರೂ ಶಾಖಾಘಾತವೆಂದೇ ಭಾವಿಸಿ. ದೇಹದ ಒಳ ಉಷ್ಣಾಂಶ ಆಗ ಸಾಮಾನ್ಯವಾಗಿ 40 ಡಿಗ್ರಿ ದಾಟಿರುತ್ತದೆ. ‘ಚರ್ಮ ಒಣಗಿದ್ದರೆ ಮಾತ್ರ ಶಾಖಾಘಾತ’ ಎಂಬ ನಂಬಿಕೆ ತಪ್ಪು. ದುಡಿಯುತ್ತ ಕುಸಿದವರ ಮೈ ಬೆವರಿನಿಂದ ತೊಯ್ದಿರಬಹುದು. ಅನುಮಾನವಿದ್ದರೆ ಹೆಸರು, ಇಂದಿನ ವಾರ, ಈಗಿರುವ ಜಾಗ ಯಾವುದೆಂದು ಕೇಳಿ ನೋಡಿ.

ಒಬ್ಬರು ಆಂಬುಲೆನ್ಸಿಗೆ ಕರೆ ಮಾಡುತ್ತಿರುವಾಗಲೇ ಇನ್ನೊಬ್ಬರು ತಣಿಸಲು ಆರಂಭಿಸಬೇಕು. ವಾಹನ ಬರಲಿ ಎಂದು ಕಾಯುತ್ತ ಕೂರುವುದು ಪ್ರಾಣಕ್ಕೇ ಎರವಾಗುವ ತಪ್ಪು, ಏಕೆಂದರೆ ಮೊದಲ ಅರ್ಧ ಗಂಟೆಯಲ್ಲಿ ಉಷ್ಣಾಂಶ ಇಳಿಸುವುದೇ ಜೀವ ಉಳಿಸುವ ಚಿಕಿತ್ಸೆ. ಆರೋಗ್ಯವಂತರು ಶ್ರಮಪಡುವಾಗ ಕುಸಿದಿದ್ದರೆ, ತೊಟ್ಟಿ ಇದ್ದಲ್ಲಿ ಕುತ್ತಿಗೆಯವರೆಗೆ ತಣ್ಣೀರಿನಲ್ಲಿ ಮುಳುಗಿಸಿ, ಮುಖ ನೀರಿಗೆ ಇಳಿಯದಂತೆ ಒಬ್ಬರು ಹಿಡಿದುಕೊಂಡೇ ಇರಲಿ. ತೊಟ್ಟಿ ಇಲ್ಲದಿದ್ದರೆ ಟಾರ್ಪಾಲಿನ ಅಂಚುಗಳನ್ನು ನಾಲ್ವರು ಎತ್ತಿ ಹಿಡಿದು ನಡುವೆ ರೋಗಿಯನ್ನು ಮಲಗಿಸಿ ನೀರು, ಮಂಜುಗಡ್ಡೆ ಸುರಿಯಬಹುದು. ವೃದ್ಧರಿಗೆ, ಅಥವಾ ಅದೂ ಆಗದ ಕಡೆ, ಇಡೀ ಮೈಮೇಲೆ ನಿಲ್ಲದೆ ನೀರು ಸುರಿದು ಜೋರಾಗಿ ಗಾಳಿ ಹಾಕಿ, ಕುತ್ತಿಗೆ, ಕಂಕುಳು ಮತ್ತು ತೊಡೆಸಂದುಗಳಿಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ಸೆಕೆಯ ಗಾಳಿಯಲ್ಲಿ ನೀರು ಬೇಗ ಆವಿಯಾಗದ ಕಾರಣ ಬರಿಯ ಒದ್ದೆ ಬಟ್ಟೆಯನ್ನು ಹೊದಿಸಿ ಬಿಡುವುದರಿಂದ ಪ್ರಯೋಜನ ಕಡಿಮೆ. ಬಟ್ಟೆ ಬಿಸಿಯಾದಂತೆಲ್ಲ ತಣ್ಣೀರಿನಲ್ಲಿ ಅದ್ದಿ ಬದಲಿಸುತ್ತಲೇ ಇರಬೇಕು.

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ನಡೆಯುವ ಫಾಲ್ಮೌತ್ ಓಟದಲ್ಲಿ 18 ವರ್ಷಗಳ ಅವಧಿಯಲ್ಲಿ 274 ಓಟಗಾರರಿಗೆ ಶಾಖಾಘಾತವಾಗಿತ್ತು. ಅವರೆಲ್ಲರನ್ನೂ ಸ್ಥಳದಲ್ಲೇ ತಣ್ಣೀರಿನ ತೊಟ್ಟಿಗಳಲ್ಲಿ ಮುಳುಗಿಸಿ ತಣಿಸಲಾಯಿತು, ಒಬ್ಬರೂ ಸಾಯಲಿಲ್ಲ.

ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಜ್ವರದ ಮಾತ್ರೆ ಕೊಡಬೇಡಿ. ಇದು ಜ್ವರವಲ್ಲ, ಪ್ಯಾರಾಸಿಟಮಾಲ್ ಇದರ ಮೇಲೆ ಕೆಲಸ ಮಾಡುವುದಿಲ್ಲ, ಆಗಲೇ ಪೆಟ್ಟು ತಿಂದಿರುವ ಪಿತ್ತಜನಕಾಂಗಕ್ಕೆ ಹೊರೆಯಾಗುತ್ತದೆ. ವಾಂತಿಯಾಗುತ್ತಿದ್ದರೆ ಮಗ್ಗುಲಿಗೆ ಹೊರಳಿಸಿ. ಉಸಿರಾಟ ನಿಂತಿದ್ದರೆ ಎದೆಯೊತ್ತುವ ಸಿ.ಪಿ.ಆರ್. ಆರಂಭಿಸಿ. ಒಳ ಉಷ್ಣಾಂಶ ಸುಮಾರು 39 ಡಿಗ್ರಿಗೆ ಇಳಿದಾಗ, ಅಳೆಯಲು ಸಾಧನವಿಲ್ಲದಿದ್ದರೆ ಪ್ರಜ್ಞೆ ಮರಳಿ ನಡುಕ ಬಂದಾಗ, ತಣಿಸುವುದನ್ನು ನಿಲ್ಲಿಸಿ.

ಎದ್ದು ಕುಳಿತು ಮಾತನಾಡಿದರೂ ಅವರನ್ನು ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಮೂತ್ರಪಿಂಡ, ಪಿತ್ತಜನಕಾಂಗ ಮತ್ತು ಸ್ನಾಯುಗಳಿಗೆ ಆದ ಹಾನಿ ಒಂದೆರಡು ದಿನ ಕಳೆದ ಮೇಲೆ ರಕ್ತಪರೀಕ್ಷೆಯಲ್ಲಿ ಕಾಣಿಸಿಕೊಳ್ಳಬಹುದು. ಒಮ್ಮೆ ಶಾಖಾಘಾತವಾದವರಿಗೆ ಕೆಲವು ವಾರಗಳವರೆಗೆ ಸೆಕೆಯನ್ನು ತಡೆಯುವ ಶಕ್ತಿ ಕುಗ್ಗಿರುತ್ತದೆ. ಆದ್ದರಿಂದ ಅವರು ವೈದ್ಯರು ಒಪ್ಪಿದ ಮೇಲೆಯೇ, ಮೊದಲು ತಂಪಾದ ಜಾಗದಲ್ಲಿ ಲಘುವಾದ ಕೆಲಸ ಮಾಡಿ, ಅನಂತರ ಸೆಕೆಗೆ ಹೊಸದಾಗಿ ಒಗ್ಗಿಕೊಳ್ಳುವವರಂತೆ ದಿನಕ್ಕೆ ಇಷ್ಟಿಷ್ಟೇ ಹೆಚ್ಚಿಸುತ್ತ ಹೊರಗಿನ ಕೆಲಸಕ್ಕೆ ಮರಳಬೇಕು.